ಪಟ್ಟಿಗೆ ಬಾರದ ದೀಪಗಳು

ಬಿಕೆನಾಂಗ
ಫೆಬ್ರವರಿ 9, 2024

ಟೀಚರ್ ಸುಭಾಷ್ನಿ ಲತಾ ಅವರಿಗೆ,

"ಬಿಸಿಲು ಯಾರ ಮನೆಗೂ ಹೆಚ್ಚು ಬರುವುದಿಲ್ಲ, ಯಾರ ಮನೆಗೂ ಕಡಿಮೆ ಬರುವುದಿಲ್ಲ, ಆದರೆ..." ನಿಮ್ಮ ಎರಡನೆಯ ಪಾಠದಲ್ಲಿ ಹೀಗೊಂದು ಮಾತು ಬರುತ್ತದೆ. ಬರುತ್ತದೆ ಎಂದುಕೊಂಡಿದ್ದೇನೆ. 'ಆದರೆ' ಅನ್ನುವಷ್ಟರಲ್ಲಿ ನಿಮ್ಮ ಮುಖ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು, ಬಾಯಿ ಅರ್ಧ ತೆರೆದುಕೊಂಡು. ಮತ್ತೆ ಚಲಿಸುವ ಹೊತ್ತಿಗೆ ನೀವು ತಂತಿಯ ದಪ್ಪದ ವಿಷಯಕ್ಕೆ ಹೋಗಿದ್ದಿರಿ. ಆ 'ಆದರೆ'ಯ ಮುಂದೆ ಏನಿತ್ತು? ಅಥವಾ ನೀವು ಹಾಗೆ ಹೇಳಲೇ ಇಲ್ಲವೋ, ನಾನೇ ಕಟ್ಟಿಕೊಂಡೆನೋ? ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಬಿಸಿಲು ನಿಜವಾಗಿಯೂ ಎಲ್ಲರಿಗೂ ಒಂದೇ ಸಮವೇ? ಮರದ ಕೆಳಗಿನ ಮನೆಗೂ ದಡದ ಮೇಲಿನ ಮನೆಗೂ?

ನನ್ನ ಪರಿಚಯ ಹೇಳಲಿಲ್ಲ. ನಾನು ಕಾತೇಯಾ. ಈ ಪುಟ್ಟ ದ್ವೀಪದ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ ಬಿಟ್ಟವಳು. ನ್ಯೂಜಿಲೆಂಡಿನ ಹಣ್ಣಿನ ತೋಟದಲ್ಲಿ ದುಡಿಯುವ ನನ್ನ ತಮ್ಮ ಹಡಗಿನಲ್ಲಿ ಎರಡು ಸೌರ ಫಲಕ, ಒಂದು ದೊಡ್ಡ ಬ್ಯಾಟರಿ, ಒಂದು ಸಣ್ಣ ಫ್ರಿಜ್ ಕಳಿಸಿದ್ದಾನೆ. ಜೋಡಿಸುವವರನ್ನು ಕಳಿಸಲಿಲ್ಲ. ಪೆಟ್ಟಿಗೆಗಳು ಮನೆಯ ಕೆಳಗೆ ಕೂತಿವೆ, ಕೋಳಿ ಅವುಗಳ ಮೇಲೆ ಮಲಗುತ್ತದೆ. ಅದಕ್ಕೇ ನಿಮ್ಮ ಸಂಸ್ಥೆಯ ಆನ್‌ಲೈನ್ ತರಗತಿಗೆ ಸೇರಿದೆ. ಮಕ್ಕಳು ಮನೆಗೆ ಹೋದ ಮೇಲೆ ಶಾಲೆಯ ನೆಟ್ ನನಗೆ ಸಿಗುತ್ತದೆ. ಪಾಠ ಹೇಗೋ ಇಳಿಯುತ್ತದೆ. ನನ್ನ ಉತ್ತರ ಮೇಲೆ ಹೋಗುವುದಿಲ್ಲ, ಚಕ್ರ ತಿರುಗುತ್ತಲೇ ಇರುತ್ತದೆ. ಕಾಗದದಲ್ಲಿ ಬರೆದು ವಿಮಾನದಲ್ಲಿ ಕಳಿಸಬಹುದು ಎಂದು ಸಂಸ್ಥೆಯವರು ಹೇಳಿದರು. ಹಾಗಾಗಿ ಈ ಪತ್ರ.

ನನ್ನ ಗಂಡ ತಿಯಾಓನ್ ನಗುತ್ತಾನೆ. "ಮುದುಕಿ ಆಗೋ ಹೊತ್ತಿಗೆ ಸ್ಕೂಲಿಗೆ ಸೇರಿದ್ದೀಯ. ಫೇಲಾದ್ರೆ ನಿನ್ನನ್ನ ಮೂಲೇಲಿ ನಿಲ್ಲಿಸ್ತಾರೆ ನೋಡು."

ನಿಮ್ಮ ವಿದ್ಯಾರ್ಥಿನಿ,
ಕಾತೇಯಾ


ಸುವಾ
ಫೆಬ್ರವರಿ 27, 2024

ಶ್ರೀಮತಿ ಕಾತೇಯಾ ಅವರಿಗೆ,

ಪತ್ರ ತಲುಪಿತು. ನೀವು ಬರೆದ ವಾಕ್ಯ ಪಾಠದಲ್ಲಿ ಇಲ್ಲ. ನಾನು ಹೇಳಿದ್ದು ಇಷ್ಟು: ಒಂದು ಊರಿನೊಳಗೆ ಬಿಸಿಲು ಬೀಳುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಆದರೆ ಬಳಕೆಯಲ್ಲಿ ಇದೆ. ಅದರಲ್ಲಿ ಯೋಚಿಸುವಂಥದ್ದು ಹೆಚ್ಚೇನಿಲ್ಲ.

ಮುಖ್ಯವಾದದ್ದು ಮೂರನೆಯ ಪಾಠ. ಯಾವ ವ್ಯವಸ್ಥೆಯೂ ಫಲಕದಿಂದ ಶುರುವಾಗುವುದಿಲ್ಲ, ಪಟ್ಟಿಯಿಂದ ಶುರುವಾಗುತ್ತದೆ. ಕರೆಂಟಿನಿಂದ ನಡೆಯುವ ಪ್ರತಿಯೊಂದು ವಸ್ತುವನ್ನೂ ಬರೆಯಿರಿ, ಅದು ಎಷ್ಟು ಎಳೆಯುತ್ತದೆ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಬರೆಯಿರಿ, ಗುಣಿಸಿ, ಕೂಡಿಸಿ. ಆ ಮೊತ್ತ ಫಲಕ ದಿನಕ್ಕೆ ಕೊಡುವುದಕ್ಕಿಂತ ಕಡಿಮೆಯಿರಬೇಕು. ಬ್ಯಾಟರಿಯನ್ನು ಎಂದಿಗೂ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಇಳಿದರೆ ಬ್ಯಾಟರಿಗೆ ಜೋಡಿಸಿದ ನಿಯಂತ್ರಕ ತಾನಾಗಿ ಎಲ್ಲವನ್ನೂ ಆರಿಸುತ್ತದೆ. ಪಟ್ಟಿ ಮಾಡಿ ಕಳಿಸಿ. ಜೋಡಿಸುವ ಮೊದಲು ಪ್ಲಸ್ ಮತ್ತು ಮೈನಸ್ ತಂತಿಗಳ ಬಣ್ಣ ಎರಡು ಸಲ ನೋಡಿ.

ಸುಭಾಷ್ನಿ ಲತಾ
ಬೋಧಕಿ


ಬಿಕೆನಾಂಗ
ಮಾರ್ಚ್ 15, 2024

ಟೀಚರ್,

ನಮ್ಮಲ್ಲಿ ಶ್ರೀಮತಿ ಇಲ್ಲ. ಹೆಂಗಸರೆಲ್ಲರಿಗೂ 'ನೇಯ್' ಅನ್ನುತ್ತೇವೆ, ಮದುವೆಯಾದವಳಿಗೂ ಆಗದವಳಿಗೂ. ನೇಯ್ ಕಾತೇಯಾ ಎನ್ನಿ ಸಾಕು.

ಪಟ್ಟಿ ಇದರೊಂದಿಗಿದೆ. ಫ್ರಿಜ್. ಮೂರು ದೀಪ. ಒಂದು ಫೋನು. ರೇಡಿಯೊ. ಎರಡು ಸಲ ಕೂಡಿದೆ, ನನ್ನ ಹಳೆಯ ವಿದ್ಯಾರ್ಥಿ ಈಗ ಹೆಡ್‌ಮಾಸ್ಟರ್, ಅವನ ಕೈಲೂ ಕೂಡಿಸಿದೆ. ಫಲಕ ಕೊಡುವುದರ ಅರ್ಧ ಕೂಡ ಆಗುವುದಿಲ್ಲ. ಹಾಗಾಗಿ ಧೈರ್ಯ ಮಾಡಿ ಜೋಡಿಸಿಬಿಟ್ಟೆ.

ಆ ದಿನ ನೀವಿರಬೇಕಿತ್ತು. ಕೇದಿಗೆ ಗರಿಯ ಮಾಡಿನ ಮೇಲೆ ಫಲಕ ನಿಲ್ಲುವುದಿಲ್ಲವಲ್ಲ, ಅಂಗಳದಲ್ಲಿ ಕಂಬ ನೆಟ್ಟೆವು. ಕಂಬ ನೆಡಲು ಹತ್ತು ಜನ, ಹೇಗೆ ನೆಡಬೇಕು ಎಂದು ಹೇಳಲು ಮೂವತ್ತು ಜನ. ಪಕ್ಕದ ಮನೆಯ ನೇಯ್ ತಬೇರಾ ಚಾಪೆ ಹಾಸಿಕೊಂಡು ನಾಟಕ ನೋಡುವವಳ ಹಾಗೆ ಕೂತಳು. "ಏನೇ ಕಾತೇಯಾ, ತಂತಿ ತಪ್ಪಿ ಕೊಟ್ರೆ ನೀನು ಸುಟ್ಟು ಹೋಗ್ತೀಯಂತೆ ಹೌದಾ? ಹಾಗಾದ್ರೆ ನಿನ್ನ ಒಳ್ಳೇ ಬಾಣಲೆ ನನಗಿರಲಿ, ಈಗ್ಲೇ ಹೇಳಿಟ್ಟಿರ್ತೀನಿ."

ತಂತಿ ತಪ್ಪಲಿಲ್ಲ. ಸಂಜೆಗೆ ಫ್ರಿಜ್ಜಿನೊಳಗಿಟ್ಟ ಲೋಟದ ನೀರಿನ ಮೇಲೆ ತೆಳ್ಳಗೆ ಕೆನೆ ಕಟ್ಟಿದ ಹಾಗೆ ಹಿಮ ಕಟ್ಟಿತ್ತು. ಲೋಟ ಮನೆಯಿಂದ ಮನೆಗೆ ಹೋಯಿತು. ವಾಪಸು ಬಂದಾಗ ಬರೀ ಲೋಟ.

ಒಂದೇ ತೊಂದರೆ. ಬೆಳಿಗ್ಗೆ ಏಳುವಾಗ ಫ್ರಿಜ್ ಆರಿರುತ್ತದೆ. ಎಲ್ಲವೂ ಆರಿರುತ್ತದೆ. ಬಿಸಿಲು ಏರಿದ ಮೇಲೆ ಮತ್ತೆ ಶುರು. ನಾನು ಏನು ತಪ್ಪು ಮಾಡಿದೆ?

ಕಾತೇಯಾ


ಸುವಾ
ಏಪ್ರಿಲ್ 2, 2024

ನೇಯ್ ಕಾತೇಯಾ ಅವರಿಗೆ,

ನಿಮ್ಮ ಪಟ್ಟಿ ನೋಡಿದೆ. ಲೆಕ್ಕ ಸರಿಯಿದೆ. ಆ ಲೆಕ್ಕಕ್ಕೆ ನಿಮ್ಮ ಬ್ಯಾಟರಿ ಮೂರು ದಿನ ಮೋಡವಿದ್ದರೂ ತಡೆಯಬೇಕು. ಒಂದು ರಾತ್ರಿಯೂ ತಡೆಯುತ್ತಿಲ್ಲ ಎಂದರೆ ಎಲ್ಲೋ ಸೋರುತ್ತಿದೆ. ಇವನ್ನು ನೋಡಿ: ಫಲಕದ ಮೇಲೆ ಉಪ್ಪು ಕೂತಿದೆಯೇ, ಹಕ್ಕಿಯ ಹಿಕ್ಕೆ ಇದೆಯೇ. ಯಾವ ಹೊತ್ತಿನಲ್ಲಾದರೂ ನೆರಳು ಬೀಳುತ್ತದೆಯೇ. ತೆಂಗಿನ ಒಂದು ಗರಿಯ ನೆರಳು ಸಾಕು ಇಡೀ ಫಲಕ ಸೊರಗಲು. ಬ್ಯಾಟರಿಯ ತುದಿಗಳು ಬಿಗಿಯಾಗಿವೆಯೇ. ಒಳಗಿನ ನೀರು ಇಳಿದಿದೆಯೇ. ಇಳಿದಿದ್ದರೆ ಬಾವಿಯ ನೀರು ಹಾಕಬೇಡಿ.

ಇಷ್ಟೂ ಸರಿಯಿದ್ದರೆ ನೀವು ಅಳೆಯುವುದರಲ್ಲೇ ತಪ್ಪಿದೆ ಎಂದು ನನ್ನ ಅಂದಾಜು. ಮೊದಲ ಸಲ ಮೀಟರ್ ಹಿಡಿಯುವವರು ಹಾಗೆ ಮಾಡುವುದುಂಟು, ಬೇಸರ ಬೇಡ.

ಸುಭಾಷ್ನಿ ಲತಾ


ಬಿಕೆನಾಂಗ
ಏಪ್ರಿಲ್ 19, 2024

ಟೀಚರ್,

ನೆರಳು ಇತ್ತು! ತಿಯಾಓನ್‌ನ ಮರದ್ದು. ಅವನು ತೆಂಗಿನ ಹೊಂಬಾಳೆ ಕೊಯ್ದು ನೀರಾ ಇಳಿಸುವವನು. ದಿನಾ ಬೆಳಿಗ್ಗೆ ಸಂಜೆ ಮರ ಹತ್ತಿ, ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಹಾಡುತ್ತಾನೆ. ಮಧ್ಯಾಹ್ನ ಇಳಿದ ಮೇಲೆ ಆ ಮರದ ತಲೆ ಫಲಕದ ಮೂಲೆಗೆ ಬೀಳುತ್ತಿತ್ತು. ಮರ ಕಡಿಯೋಣವೇ ಎಂದೆ. "ಬ್ಯಾಟರಿ ಹಾಡುತ್ತಾ?" ಅಂದ. ಕಂಬವನ್ನೇ ಕಿತ್ತು ಆಚೆ ನೆಟ್ಟೆವು. ಈ ಸಲ ಹೇಳುವವರು ನಲವತ್ತು ಜನ.

ಉಪ್ಪು ತೊಳೆದೆ. ತುದಿ ಬಿಗಿ ಮಾಡಿದೆ. ಅಳತೆಯನ್ನು ಬೆಳಿಗ್ಗೆ, ನಡುಹಗಲು, ಮುಸ್ಸಂಜೆ ಬರೆದಿಟ್ಟು ಇದರ ಜೊತೆ ಕಳಿಸಿದ್ದೇನೆ. ಮುಸ್ಸಂಜೆಗೆ ಬ್ಯಾಟರಿ ತುಂಬಿರುತ್ತದೆ. ಬೆಳಗಾಗುವುದರೊಳಗೆ ಬರಿದು. ನಾನು ಅಳೆಯುವುದರಲ್ಲಿ ತಪ್ಪಿಲ್ಲ ಟೀಚರ್. ಮಕ್ಕಳಿಗೆ ಅಳತೆ ಕಲಿಸಿಯೇ ಕೂದಲು ಬೆಳ್ಳಗಾಗಿದ್ದು.

ಇದನ್ನು ಬಿಟ್ಟರೆ ಮನೆ ಹಬ್ಬದ ಹಾಗಿದೆ. ಸಂಜೆಯಾದರೆ ಇಡೀ ಊರು ನಮ್ಮ ಅಂಗಳದಲ್ಲಿ. ಚರ್ಚಿನ ಹಾಡಿನ ಗುಂಪು ಕೀಬೋರ್ಡು, ಸ್ಪೀಕರು ತಂದು ಇಲ್ಲೇ ಅಭ್ಯಾಸ ಮಾಡುತ್ತದೆ. ಮೀನಿಗೆ ಹೋಗುವವರ ದೀಪಗಳು ಸಾಲಾಗಿ ಕೂತಿರುತ್ತವೆ. ಫೋನುಗಳಂತೂ ಚಾಪೆಯ ಮೇಲೆ ಒಣಗಲು ಹಾಕಿದ ಮೀನಿನ ಹಾಗೆ. ತಬೇರಾ ಸಿನಿಮಾ ಹಾಕಿಸಿಕೊಂಡು ಅಳುತ್ತಾ ಕೂರುತ್ತಾಳೆ. ಅಳು ಮುಗಿದ ಮೇಲೆ, "ನಿನ್ನ ಗಂಡನಿಗಿಂತ ನಿನ್ನ ಬ್ಯಾಟರೀನೇ ವಾಸಿ ಕಣೇ, ಕೇಳಿದ್ದಕ್ಕೆಲ್ಲಾ ಹೂಂ ಅನ್ನುತ್ತೆ" ಅನ್ನುತ್ತಾಳೆ.

ಒಂದು ವಿಷಯ ಮೊದಲೇ ಬರೆಯಬೇಕಿತ್ತು. ಫ್ರಿಜ್ ಮೀನಿಗಲ್ಲ. ತಿಯಾಓನ್‌ಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ರಾಜಧಾನಿ ತರಾವಾದಿಂದ ವಿಮಾನದಲ್ಲಿ ಕೆಲವು ತಿಂಗಳಿಗಾಗುವಷ್ಟು ಒಟ್ಟಿಗೆ ಬರುತ್ತದೆ. ಇಲ್ಲಿನ ಕ್ಲಿನಿಕ್ಕಿನ ತಂಪು ಪೆಟ್ಟಿಗೆ ಮಕ್ಕಳ ಲಸಿಕೆಗೇ ಸಾಲದು. ಮನೆಯಲ್ಲಿ ತಣ್ಣಗಿಡಲು ಆದರೆ ಅವನು ಊರಲ್ಲಿರಬಹುದು, ಆಗದಿದ್ದರೆ ತರಾವಾಕ್ಕೆ ಹೋಗಿ ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದು ನರ್ಸ್ ಅಕೆನೇತೆ ಹೇಳಿಬಿಟ್ಟಿದ್ದಾಳೆ. ಅಲ್ಲಿ ಷಡ್ಡಕನ ತಗಡಿನ ಮನೆ, ಗೋಡೆಗೆ ಗೋಡೆ. ಹತ್ತಲು ಒಂದು ಮರವಿಲ್ಲ. ಅವನು ಹೋಗುವುದಿಲ್ಲ ಅನ್ನುತ್ತಾನೆ. ಹೋದರೆ ಬದುಕುತ್ತಾನೆ ಅನ್ನುವುದೂ ನನಗೆ ಖಾತ್ರಿಯಿಲ್ಲ.

ದಯವಿಟ್ಟು ನೋಡಿ ಹೇಳಿ, ಎಲ್ಲಿ ಸೋರುತ್ತಿದೆ?

ಕಾತೇಯಾ


ಸುವಾ
ಮೇ 6, 2024

ಕಾತೇಯಾ ಅವರೇ,

ನಿಮ್ಮ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕೂತಿದ್ದೆ. ಎಲ್ಲಿ ಸೋರುತ್ತಿದೆ ಎಂದು ನೀವೇ ಬರೆದಿದ್ದೀರಿ. ಕೀಬೋರ್ಡು, ಸ್ಪೀಕರು, ಮೀನಿನ ದೀಪಗಳು, ಚಾಪೆ ತುಂಬ ಫೋನು, ಸಿನಿಮಾ. ಇದರಲ್ಲಿ ಒಂದಾದರೂ ನಿಮ್ಮ ಪಟ್ಟಿಯಲ್ಲಿ ಇದೆಯೇ? "ಪ್ರತಿಯೊಂದು ವಸ್ತುವನ್ನೂ" ಎಂದು ನಾನು ಬರೆದಿದ್ದೆ. ನೀವು ಶಿಕ್ಷಕಿಯಾಗಿದ್ದವರು. ನಿಮ್ಮ ಲೆಕ್ಕ ತಪ್ಪಲ್ಲ, ಸುಳ್ಳು.

ಅಂದಾಜಿಗೆ ಕೂಡಿಸಿದೆ. ಊರಿನ ಬಳಕೆ ನಿಮ್ಮ ಮನೆಯ ಬಳಕೆಯ ಎರಡರಷ್ಟಿದೆ. ನಿಮ್ಮ ಗಂಡನ ಔಷಧಿಯನ್ನು ನೀವು ನೆರೆಯವರ ಸಿನಿಮಾಕ್ಕೆ ಸುರಿಯುತ್ತಿದ್ದೀರಿ. ಉಪಾಯ ಬಹಳ ಸುಲಭ. ಸ್ವಿಚ್ ಬೋರ್ಡಿಗೆ ಒಂದು ಡಬ್ಬಿ ಮಾಡಿಸಿ, ಬೀಗ ಹಾಕಿ. ಕೇಳಲು ಬಂದವರಿಗೆ ಇಲ್ಲ ಎನ್ನಿ. ಇಷ್ಟು ಹೇಳಲು ಆನ್‌ಲೈನ್ ತರಗತಿ ಬೇಕಿಲ್ಲ.

ಮೂರನೆಯ ಪಾಠದಲ್ಲಿ ನಿಮ್ಮನ್ನು ಉತ್ತೀರ್ಣ ಎಂದು ಬರೆಯಲು ನನಗೆ ಆಗುವುದಿಲ್ಲ. ಹೊಸ ಪಟ್ಟಿ ಕಳಿಸಿ.

ಸುಭಾಷ್ನಿ ಲತಾ


ಸುವಾ
ಜೂನ್ 20, 2024

ಕಾತೇಯಾ ಅವರೇ,

ನಿಮ್ಮಿಂದ ಪತ್ರವಿಲ್ಲ. ನಾಲ್ಕನೆಯ ಪಾಠವನ್ನು ನೀವು ತೆರೆದೇ ಇಲ್ಲ ಎಂದು ಇಲ್ಲಿನ ಪರದೆ ತೋರಿಸುತ್ತದೆ. ನನ್ನ ಮಾತಿಗೆ ನೊಂದು ತರಗತಿ ಬಿಟ್ಟಿರಿ ಅನಿಸುತ್ತದೆ. ಬಿಟ್ಟಿದ್ದರೆ ಒಂದು ಸಾಲು ಬರೆಯಿರಿ. ಬಿಟ್ಟದ್ದಲ್ಲ, ಬೇರೆ ಏನಾದರೂ ಆಗಿದ್ದರೆ ಆಗಲೂ ಬರೆಯಿರಿ. ಆ ಬೇರೆಯದನ್ನು ಯೋಚಿಸಲು ನನಗೆ ಇಷ್ಟವಿಲ್ಲ.

ಸಿಟ್ಟು ಬಂದದ್ದು ಯಾಕೆಂದು ಹೇಳುತ್ತೇನೆ. ನಮ್ಮಮ್ಮನಿಗೂ ಅದೇ ಕಾಯಿಲೆ ಇತ್ತು. ಲಂಬಾಸಾದ ಕಬ್ಬಿನ ಗದ್ದೆಯ ನಡುವೆ ನಮ್ಮ ಮನೆ, ಕರೆಂಟಿಲ್ಲ. ಔಷಧಿಯ ಶೀಶೆಯನ್ನು ಒದ್ದೆ ಬಟ್ಟೆ ಸುತ್ತಿ ಮಡಕೆಯೊಳಗೆ ಇಡುತ್ತಿದ್ದೆವು. ಸಾಲಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಕಾಲು. ನಾನು ಈ ವಿದ್ಯೆ ಕಲಿಯಲು ಹೋದದ್ದು ಅದಾದ ಮೇಲೆ. ನಿಮಗೆ ಫ್ರಿಜ್ ಇದೆ, ಫಲಕ ಇದೆ, ಬಿಸಿಲು ಇದೆ, ಆದರೂ ಆರುತ್ತದೆ ಎಂದು ಓದಿದಾಗ ಆ ಮಡಕೆ ನೆನಪಾಯಿತು. ಆ ಸಿಟ್ಟಿನಲ್ಲೇ ಬರೆದೆ.

ಇನ್ನೊಂದು. ಇಲ್ಲ ಎನ್ನುವುದು ಸುಲಭ ಎಂದು ಬರೆದೆನಲ್ಲ. ಇಲ್ಲಿ ನನ್ನ ಗೇಟಿಗೆ ಬೀಗವಿದೆ. ಬೇಲಿಯ ಆಚೆ ಒಂದು ಸಂಸಾರವಿದೆ, ಅವರ ನಾಯಿಯ ಹೆಸರು ಗೊತ್ತು, ಅವರ ಹೆಸರು ಗೊತ್ತಿಲ್ಲ. ನನ್ನ ಬಾಗಿಲಿಗೆ ಏನನ್ನಾದರೂ ಕೇಳಿಕೊಂಡು ಯಾರೂ ಬಂದದ್ದಿಲ್ಲ. ಹಾಗಾಗಿ ನಾನು ಯಾರಿಗೂ ಇಲ್ಲ ಎಂದದ್ದೂ ಇಲ್ಲ. ಗೊತ್ತಿಲ್ಲದ ಕೆಲಸವನ್ನು ಸುಲಭ ಎಂದುಬಿಟ್ಟೆ.

ತಿಯಾಓನ್ ಹೇಗಿದ್ದಾರೆ?

ಸುಭಾಷ್ನಿ


ಬಿಕೆನಾಂಗ
ಜುಲೈ 24, 2024

ಪ್ರೀತಿಯ ಸುಭಾಷ್ನಿ,

ನಿನ್ನ ಎರಡು ಪತ್ರಗಳೂ ಒಂದೇ ವಿಮಾನದಲ್ಲಿ ಬಂದವು. ಮಳೆಗೆ ಇಳಿದಾಣ ಕೆಸರಾಗಿ ವಿಮಾನ ವಾರಗಟ್ಟಲೆ ಬಂದಿರಲಿಲ್ಲ. ಸಿಟ್ಟಿನದನ್ನು ಮೊದಲು ಓದಿದೆ, ಪುಣ್ಯ. ತಿರುಗಾಮುರುಗಾ ಓದಿದ್ದರೆ ಮನಸ್ಸಿನಲ್ಲಿ ಸಿಟ್ಟೇ ಉಳಿಯುತ್ತಿತ್ತು. ನಿನಗಿಂತ ನಾನು ಒಂದೆರಡು ವರ್ಷ ದೊಡ್ಡವಳಿರಬೇಕು, ಅದಕ್ಕೆ ಏಕವಚನ. ಬೇಡವೆಂದರೆ ಹೇಳು.

ನೊಂದು ಬಿಟ್ಟದ್ದಲ್ಲ. ನಿನ್ನ ಪತ್ರ ಬರುವ ಮೊದಲೇ ಇಲ್ಲಿ ಆಗುವುದು ಆಗಿತ್ತು. ಜೂನ್ ಮೊದಲ ವಾರ ತಿಯಾಓನ್ ಮರದಿಂದ ಇಳಿದವನು ಬುಡದಲ್ಲೇ ಕುಸಿದು ಕೂತ. ಚುಚ್ಚುಮದ್ದು ತಪ್ಪದೆ ತಗೊಂಡಿದ್ದ. ಅಕೆನೇತೆ ಓಡಿಬಂದು ಶೀಶೆಯನ್ನು ಬೆಳಕಿಗೆ ಹಿಡಿದಳು. ತಿಳಿಯಾಗಿರಬೇಕಾದ ಔಷಧಿ ಕದಡಿತ್ತು. "ನೀನು ಇಷ್ಟು ದಿನ ಇವನಿಗೆ ಚುಚ್ಚಿದ್ದು ಬರೀ ನೀರು, ಅಕ್ಕ" ಅಂದಳು. ಕ್ಲಿನಿಕ್ಕಿನಲ್ಲಿ ತುರ್ತಿಗೆಂದು ಇಟ್ಟಿದ್ದ ಎರಡು ಶೀಶೆ ಕೊಟ್ಟಳು. "ಇದೂ ಬೆಚ್ಚಗಾದ್ರೆ ಮುಂದಿನ ವಿಮಾನದಲ್ಲಿ ಅವನನ್ನ ನಾನೇ ಕೂರಿಸ್ತೀನಿ. ನೀನು ಅಳಬಾರದು, ಅವನು ಹಾಡಬಾರದು."

ಅವತ್ತು ಸಂಜೆ ನಾನೇ ಅಂಗಳದಲ್ಲಿ ಕೂತು ಎಣಿಸಿದೆ. ನೀನು ಸುವಾದಲ್ಲಿ ಕೂತು ಎಣಿಸಿದ್ದನ್ನೇ. ಸುಭಾಷ್ನಿ, ನಾನು ಸುಳ್ಳು ಬರೆದಿರಲಿಲ್ಲ. ಇದನ್ನು ಹೇಗೆ ಹೇಳಲಿ? ನಮ್ಮಲ್ಲಿ ಬುಬುತಿ ಅಂತ ಇದೆ. ನೆಂಟರು ಇಷ್ಟರು ಬಾಗಿಲಿಗೆ ಬಂದು ಬಾಯಿಬಿಟ್ಟು ಕೇಳಿದರೆ ಅದು ಬುಬುತಿ. ದೋಣಿ ಕೇಳಲಿ, ಹಂದಿ ಕೇಳಲಿ, ಕೊಡಬೇಕು. ಇಲ್ಲ ಎಂದವರ ಮುಖವನ್ನು ಊರು ಮತ್ತೆ ನೋಡುವುದಿಲ್ಲ, ಅವರ ಮಕ್ಕಳ ಮುಖವನ್ನೂ ಅಷ್ಟೆ. ಹಾಗೆ ಕೊಟ್ಟದ್ದನ್ನು ಎಣಿಸುವುದು ಕೊಡದಿರುವುದಕ್ಕಿಂತ ಹೊಲಸು. ನೀನು ಪಟ್ಟಿ ಮಾಡು ಎಂದಾಗ ನಮ್ಮ ಮನೆಯದನ್ನು ಬರೆದೆ. ಕೊಟ್ಟದ್ದು ನಮ್ಮದಲ್ಲವಲ್ಲ! ಅದು ಪಟ್ಟಿಗೆ ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಬ್ಯಾಟರಿಗೆ ಮಾತ್ರ ಹೊಳೆದಿತ್ತು.

ಬೀಗದ ಯೋಚನೆ ನಿನ್ನ ಪತ್ರಕ್ಕಿಂತ ಮೊದಲೇ ನನಗೂ ಬಂತು. ತಿಯಾಓನ್‌ಗೆ ಹೇಳಿದೆ. ಮಲಗಿದ್ದವನು ಎದ್ದು ಕೂತ. "ಬೀಗ ಹಾಕೋದಾದ್ರೆ ತರಾವಾಕ್ಕೇ ಹೋಗ್ತೀನಿ ಬಿಡು. ಊರಲ್ಲಿದ್ದೂ ಊರು ಇಲ್ಲದಂಗೆ ಇರೋದು ಅಲ್ಲೇ ಸಲೀಸು." ಆಮೇಲೆ ಮೆಲ್ಲಗೆ, "ಕೊಡೋದಿಲ್ಲ ಅನ್ನೋಕಾಗಲ್ಲ ನಿಜ. ಕೇಳೋಕಂತೂ ಆಗುತ್ತಲ್ಲ, ನೀನೂ ಕೇಳು" ಅಂದ.

ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಭಯವಾಯಿತು.

ಭಾನುವಾರ ಪ್ರಾರ್ಥನೆಯ ನಂತರ ಊರಿನವರೆಲ್ಲ ಮನೇಬಾದಲ್ಲಿ ಸೇರಿದ್ದರು. ಗೋಡೆಯಿಲ್ಲದ ದೊಡ್ಡ ಸಭಾಮನೆ ಅದು. ಪ್ರತಿ ಕುಲಕ್ಕೂ ಒಂದೊಂದು ಕಂಬದ ಬುಡ ಇದೆ, ಬೇರೆ ಕಡೆ ಕೂರುವಂತಿಲ್ಲ. ತಿಯಾಓನ್‌ನ ಕುಲದ ಜಾಗದಲ್ಲಿ ನಾನು ಎದ್ದು ನಿಂತೆ. ಹೆಂಗಸರು ಅಲ್ಲಿ ಮಾತಾಡುವುದು ಕಡಿಮೆ. ಆದರೆ ಅಲ್ಲಿದ್ದ ಅರ್ಧ ಜನ ನನ್ನ ಹತ್ತಿರ ಮಗ್ಗಿ ಕಲಿತವರು, ಸುಮ್ಮನಾದರು.

"ನನಗೊಂದು ಬುಬುತಿ ಇದೆ. ಎಲ್ಲಾ ಮನೆಗೂ" ಅಂದೆ.

ಹಿರಿಯ ರೊಟಾನ್ ಅಜ್ಜ, "ಕೇಳಮ್ಮ. ಹಂದಿಯಾ, ಚಾಪೆಯಾ?" ಅಂದ.

"ಎರಡೂ ಅಲ್ಲ ಅಜ್ಜ. ನನ್ನ ಮನೆ ಕರೆಂಟನ್ನ ಕೇಳೋ ಹಕ್ಕು ನಿಮಗೆಲ್ಲ ಇದೆಯಲ್ಲ, ಅದನ್ನ ನನಗೆ ಕೊಡಿ. ಇವರ ಔಷಧಿ ತಣ್ಣಗಿರಬೇಕು. ನೀವು ಕೇಳಿದ್ರೆ ನಾನು ಇಲ್ಲ ಅನ್ನಲಾರೆ. ಅದಕ್ಕೆ, ಕೇಳೋದನ್ನೇ ಕೇಳ್ತಾ ಇದೀನಿ."

ಒಬ್ಬ ಮುದುಕ ಇನ್ನೊಬ್ಬನ ಮುಖ ನೋಡಿದ. ರೊಟಾನ್ ಅಜ್ಜ ಬೀಡಿ ಆರಿಸಿ ಹೇಳಿದ, "ಅಬ್ಬಾ ಮೇಷ್ಟ್ರಮ್ಮ! ಇಂಥ ಬುಬುತಿ ನಮ್ಮಜ್ಜನ ಕಾಲದಲ್ಲೂ ಯಾರೂ ಕೇಳಿರಲಿಲ್ಲ. ಇಲ್ಲ ಅನ್ನೋ ಹಂಗಿಲ್ಲ. ಹೂಂ ಅಂದ್ರೆ ಇನ್ನು ಕೇಳೋ ಬಾಯೇ ಹೋಯ್ತು." ಯಾರೋ ನಕ್ಕರು. ಅವನು ನಗಲಿಲ್ಲ. "ಕೊಟ್ಟಿದ್ದೀವಿ, ತಗೋ" ಅಂದ. ಆಮೇಲೆ ಒಂದೊಂದು ಕಂಬದ ಬುಡದಿಂದಲೂ ಅದೇ ಮಾತು ಬಂತು. ತಬೇರಾ ಕೊನೆಯಲ್ಲಿ ಹೇಳಿದಳು. ನನ್ನ ಕಡೆ ನೋಡದೆ ಹೇಳಿದಳು.

ಅವತ್ತಿನಿಂದ ಫ್ರಿಜ್ ಆರಿಲ್ಲ. ಒಂದು ಬೆಳಿಗ್ಗೆಯೂ ಇಲ್ಲ. ಕಳೆದ ವಾರ ಅಕೆನೇತೆ ಬಂದು ಒಳಗಿನ ಉಷ್ಣಮಾಪಕ ನೋಡಿದಳು, ಶೀಶೆ ಎತ್ತಿ ನೋಡಿದಳು, ತಿಯಾಓನ್‌ನ ಬೆರಳು ಚುಚ್ಚಿ ನೋಡಿದಳು. ವಿಮಾನದಲ್ಲಿ ಅವನಿಗೆ ಜಾಗ ಹೇಳಿಟ್ಟಿದ್ದನ್ನು ಬೇಡವೆಂದು ತಿಳಿಸಿದ್ದಾಳೆ. ಅವನು ಮತ್ತೆ ಮರ ಹತ್ತುತ್ತಿದ್ದಾನೆ, ಚಿಕ್ಕ ಮರವನ್ನು ಮಾತ್ರ. ಇಳಿಸಿದ ನೀರಾವನ್ನು ತಾನು ಕುಡಿಯುವಂತಿಲ್ಲವಲ್ಲ, ಮೂಸಿ ನೋಡಿ ಬೇರೆಯವರಿಗೆ ಕೊಡುತ್ತಾನೆ.

ನಿನಗೆ ಬರೆಯುವ ಈ ಪತ್ರ ಇಲ್ಲಿಗೆ ಮುಗಿಯಬೇಕಿತ್ತು ಅಲ್ಲವೇ? ಮುಗಿದಿಲ್ಲ. ನಮ್ಮ ಅಂಗಳಕ್ಕೆ ಯಾರೂ ಬರುವುದಿಲ್ಲ, ಸುಭಾಷ್ನಿ. ನಡುಹಗಲಿಗೆ ಬ್ಯಾಟರಿ ತುಂಬಿಬಿಡುತ್ತದೆ. ಆಮೇಲೆ ಬೀಳುವ ಬಿಸಿಲನ್ನು ನಿಯಂತ್ರಕ ಸುಮ್ಮನೆ ಬಿಟ್ಟುಬಿಡುತ್ತದೆ ಎಂದು ನಾಲ್ಕನೆಯ ಪಾಠದಲ್ಲಿ ನೋಡಿದೆ. ಮನೆಮನೆಗೆ ಹೋಗಿ ಹೇಳಿದೆ: ಮಧ್ಯಾಹ್ನದ ಹೊತ್ತು ಫೋನು ತನ್ನಿ, ದೀಪ ತನ್ನಿ, ಔಷಧಿಗೆ ಏನೂ ಆಗುವುದಿಲ್ಲ. ಎಲ್ಲರೂ ಒಳಗೆ ಕರೆದರು, ಬಬಾಯ್ ಗೆಡ್ಡೆ ಬೇಯಿಸಿ ಕೊಟ್ಟರು, ನಕ್ಕರು. ಒಬ್ಬರೂ ತರಲಿಲ್ಲ. ಕೊಟ್ಟದ್ದನ್ನು ವಾಪಸು ತಗೊಳ್ಳುವವರು ನಮ್ಮಲ್ಲಿ ಇಲ್ಲ. ಹಾಡಿನ ಗುಂಪು ಈಗ ಕೀಬೋರ್ಡಿಲ್ಲದೆ ಊರಿನ ಆ ತುದಿಯಲ್ಲಿ ಹಾಡುತ್ತದೆ. ಗಾಳಿ ಈ ಕಡೆಗಿದ್ದರೆ ತಿಯಾಓನ್ ಮರದ ಮೇಲಿಂದಲೇ ಸೇರಿಸಿಕೊಳ್ಳುತ್ತಾನೆ. ಔಷಧಿ ಉಳಿಯಿತು, ಅವನು ಊರಲ್ಲೇ ಉಳಿದ. ನನ್ನ ಅಂಗಳವನ್ನೇ ತರಾವಾ ಮಾಡಿಟ್ಟೆನೇನೋ ಎಂದು ಚಾಪೆ ಗುಡಿಸುವಾಗ ಅನಿಸುತ್ತಿತ್ತು. ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ನಿನಗೆ ಇದನ್ನೇ ಬರೆಯುತ್ತಿದ್ದೆ.

ಈಗ ಬರೆಯುವಾಗಲೇ ಬಾಗಿಲಲ್ಲಿ ನೆರಳು ಬಿತ್ತು. ತಬೇರಾ. ಕೈಯಲ್ಲಿ ಫೋನಿಲ್ಲ, ದೀಪವಿಲ್ಲ, ತಟ್ಟೆಯೂ ಇಲ್ಲ. ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ನಿಂತಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಲಕೋಟೆ ಮುಚ್ಚುತ್ತೇನೆ.

"ಕೇಳೋಕೆ ಬಂದಿಲ್ಲ ಕಣೇ. ಕೊಡೋಕೂ ಏನೂ ತಂದಿಲ್ಲ. ಸುಮ್ನೆ ಬಂದೆ. ಹಾಗೆ ಬಂದವರನ್ನ ಒಳಗೆ ಕರೀತಾರೋ ಇಲ್ವೋ, ನನಗಂತೂ ಗೊತ್ತಿಲ್ಲ. ನೀನೇ ಹೇಳು."